ಎಲ್ಲ ಮಕ್ಕಳಿಗೇ ಬಿಟ್ಟ ಮೇಷ್ಟ್ರು

ಉಮಾಮಹೇಶ್ವರ ಮೇಷ್ಟ್ರ ಕಷ್ಟಕ್ಕೆಲ್ಲ ಕಾರಣ ಒಂದು ಸಣ್ಣ ನಿದ್ದೆ. ಹೋದ ತಿಂಗಳು ಅವರ ವಿದ್ಯಾಸಂಸ್ಥೆಯವರು ಶಿವಮೊಗ್ಗದಲ್ಲಿ ಶಿಕ್ಷಕರಿಗೆ ಒಂದು ಕಾರ್ಯಾಗಾರ ಇಟ್ಟುಕೊಂಡಿದ್ದರು. ವಿಷಯ: ಕಲಿಕೆಯ ಒಡೆತನ ಮಕ್ಕಳದ್ದೇ. ಮಧ್ಯಾಹ್ನ ಹೋಳಿಗೆ ಊಟ. ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿದು, ಫ್ಯಾನಿನ ಕೆಳಗೆ ಕೂರಿಸಿ ಕಲಿಕೆಯ ಬಗ್ಗೆ ಮಾತಾಡಿದರೆ ಯಾವ ಮೇಷ್ಟ್ರು ತಾನೇ ಎದ್ದಿರುತ್ತಾರೆ? ಉಳಿದವರು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದರು. ನಮ್ಮ ಮೇಷ್ಟ್ರು ಪ್ರಾಮಾಣಿಕರು, ಮುಚ್ಚಿಕೊಂಡು ಮಾಡುತ್ತಿದ್ದರು. ಬೆಂಗಳೂರಿನಿಂದ ಬಂದಿದ್ದ ತಜ್ಞೆ ಸೌಂದರ್ಯ ಮೇಡಂ ಸರಿಯಾಗಿ ಅವರತ್ತಲೇ ಕೈ ತೋರಿಸಿ, "ನೀವು ಹೇಳಿ ಸರ್, ನಿಮ್ಮ ಕ್ಲಾಸಲ್ಲಿ ನೀವೇನು ಮಾಡ್ತೀರಿ?" ಎಂದರು. ಪಕ್ಕದವರು ತಿವಿದರು. ಮೇಷ್ಟ್ರು ಗಡಬಡಿಸಿ ಎದ್ದರು. ನಿದ್ದೆಗಣ್ಣಿನಲ್ಲಿ ಸುಳ್ಳು ಹೊಳೆಯಲಿಲ್ಲ, ನಿಜ ಹೇಳಿಬಿಟ್ಟರು.

"ನಾನೇನೂ ಮಾಡಲ್ಲ ಮೇಡಂ. ಎಲ್ಲ ಮಕ್ಕಳಿಗೇ ಬಿಟ್ಟಿದೀನಿ."

ಮೇಡಂ ಮೈಕ್ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. "ಬೆಳಿಗ್ಗೆಯಿಂದ ನಾನು ಹೇಳೋಕೆ ಒದ್ದಾಡ್ತಿದ್ದಿದ್ದನ್ನ ಈ ಸರ್ ಎರಡೇ ಮಾತಲ್ಲಿ ಹೇಳಿದ್ರು! ಇವರ ಕ್ಲಾಸ್ ನಾನು ನೋಡ್ಲೇಬೇಕು." ವೇದಿಕೆಯ ಮೇಲಿದ್ದ ಸಂಸ್ಥೆಯ ಕಾರ್ಯದರ್ಶಿ ವೀರೇಂದ್ರ ಅವರೂ ತಟ್ಟಿದರು. ಅವರದು ಅಡಿಕೆ ಮಂಡಿ. ಹೊರಗಿನವರು ಮೆಚ್ಚಿದ ಮಾಲನ್ನು ಊರಿನವರು ಬಿಡಬಾರದು ಎಂಬುದು ಅವರ ವ್ಯಾಪಾರದ ಅನುಭವ.

ಮೇಷ್ಟ್ರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಭದ್ರಾವತಿಯ ಶಾಲೆಯಲ್ಲಿ ಹತ್ತನೇ ತರಗತಿಗೆ ಅವರು ಸಮಾಜ ವಿಜ್ಞಾನದ ಮೇಷ್ಟ್ರು. ಒಳಗೆ ಬಂದು, "ಪುಸ್ತಕ ತೆಗೀರಿ, ಓದ್ಕೊಳ್ಳಿ, ತಿಳೀದಿದ್ರೆ ಪಕ್ಕದವರನ್ನ ಕೇಳಿ, ನನ್ನ ಕೇಳ್ಬೇಡಿ" ಎಂದು ಕುರ್ಚಿಗೆ ಒರಗಿದರೆ, ಗಂಟೆ ಹೊಡೆಯುವವರೆಗೆ ಪಾಠ ಮಕ್ಕಳದು, ಕುರ್ಚಿಯೂ ನಿದ್ದೆಯೂ ಅವರದು. ಪೂರ್ತಿ ಅವರ ತಪ್ಪು ಅನ್ನುವ ಹಾಗೂ ಇಲ್ಲ. ಮನೆ ಇರುವುದು ಶಿವಮೊಗ್ಗದ ದುರ್ಗಿಗುಡಿಯಲ್ಲಿ. ದಿನಾ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುವ ಮನುಷ್ಯನಿಗೆ ಕೂರಲು ಸಿಗುವುದು ತರಗತಿಯಲ್ಲಿ ಮಾತ್ರ. ಹೊಟ್ಟೆ ಉರಿಸುವ ಸಂಗತಿಯೆಂದರೆ, ಅದೇ ಸಂಸ್ಥೆಯ ಇನ್ನೊಂದು ಶಾಲೆ ದುರ್ಗಿಗುಡಿಯಲ್ಲೇ, ಅವರ ಮನೆಯ ಹಿಂದಿನ ಬೀದಿಯಲ್ಲೇ ಇತ್ತು. ರಜೆ ಹಾಕಿದ ದಿನ ಅದರ ಗಂಟೆ ಅಡುಗೆಮನೆಗೆ ಕೇಳಿಸುತ್ತಿತ್ತು, ಮೇಷ್ಟ್ರಿಗೆ ದೋಸೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಈಗ ಆ ಶಾಲೆಯಲ್ಲಿ ಸಮಾಜ ವಿಜ್ಞಾನದ ಜಾಗ ಖಾಲಿಯಾಗಿತ್ತು. ವೀರೇಂದ್ರ ಅವರು ಮೇಷ್ಟ್ರನ್ನು ಮಂಡಿಗೇ ಕರೆಸಿ ಹೇಳಿದ್ದರು: "ನೋಡಿ ಮೇಷ್ಟ್ರೇ, ಆ ಮೇಡಂ ಗುರುವಾರ ಬರ್ತಿದಾರೆ. ನಿಮ್ಮ ಕ್ಲಾಸ್ ನೋಡಿ ಸೈ ಅಂದ್ರೆ ಸೋಮವಾರದಿಂದ ದುರ್ಗಿಗುಡಿ ನಿಮ್ದು. ನನ್ನ ಮಾತು ಅಂದ್ರೆ ಮಾತು."

ಏನೂ ಮಾಡದ ಮನುಷ್ಯ ಅಂದಿನಿಂದ ಮೈಬಗ್ಗಿಸಿ ದುಡಿದರು. ಮಕ್ಕಳು ತಾವಾಗಿಯೇ ಕಲಿಯುವುದು ಹೇಗೆಂದು ವಾರವಿಡೀ ತಾಲೀಮು ಮಾಡಿಸಿದರು. ಪಾಠ: ಗ್ರಾಹಕರ ಹಕ್ಕುಗಳು. ತಾನಾಗಿಯೇ ಎದ್ದು ಪ್ರಶ್ನೆ ಕೇಳುವವರು ಯಾರು, ಥಟ್ಟನೆ ಉತ್ತರ ಹೊಳೆಯುವುದು ಯಾರಿಗೆ, ಎಲ್ಲ ಗೊತ್ತುಪಡಿಸಿದರು. ತರಗತಿಯ ನಾಯಕ ಹರ್ಷವರ್ಧನ ಒಂದು ತಪ್ಪು ಉತ್ತರ ಹೇಳಬೇಕು, ಜಾಣೆ ಸ್ಫೂರ್ತಿ ಅದನ್ನು ಪ್ರೀತಿಯಿಂದ ತಿದ್ದಬೇಕು. ಹರ್ಷ ಬಾಯಿ ತಪ್ಪಿ ಸರಿ ಉತ್ತರ ಹೇಳಿದಾಗಲೆಲ್ಲ ಬೈಸಿಕೊಂಡ. ಮಕ್ಕಳು ಸ್ವಂತ ಇಚ್ಛೆಯಿಂದ ಕಲಿಯಲು ಇಷ್ಟೊಂದು ಬೈಗುಳ ಬೇಕಾಗುತ್ತದೆಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಹೆಂಡತಿ ವೇದಾ ಇಸ್ತ್ರಿ ಮಾಡಿದ ಹೊಸ ಅಂಗಿ ಕೊಟ್ಟಳು. ಪಾಪ, ಅವಳೂ ವರ್ಷಗಟ್ಟಲೆ ಕತ್ತಲಲ್ಲೇ ಎದ್ದು ಡಬ್ಬಿ ಕಟ್ಟಿದವಳು. "ಸೋಮವಾರದಿಂದ ಮಧ್ಯಾಹ್ನ ಬಿಸಿ ಅನ್ನ ಊಟ ಮಾಡ್ಬಹುದು ಕಣ್ರೀ" ಎಂದಳು. ಆ ಸಂತೋಷದಲ್ಲಿ ಸುದ್ದಿಯನ್ನು ಬೀದಿಗೆಲ್ಲ ಹಂಚಿಬಿಟ್ಟಿದ್ದಳು. ಪಕ್ಕದ ಮನೆಯ ವೀರಮ್ಮ ಕಾಂಪೌಂಡಿನ ಮೇಲಿಂದಲೇ ಕೂಗಿದರು: "ಮೇಷ್ಟ್ರೇ, ಸೋಮವಾರದಿಂದ ನಮ್ಮ ಮೊಮ್ಮಗನ್ನೂ ಕೈ ಹಿಡ್ಕೊಂಡು ಕರ್ಕೊಂಡ್ ಹೋಗಿ. ಆಟೋದವನಿಗೆ ಬರ್ಬೇಡ ಅಂದ್ಬಿಟ್ಟಿದೀನಿ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು ಎಂದುಕೊಳ್ಳುತ್ತಲೇ ಮೇಷ್ಟ್ರು ಬಸ್ಸು ಹಿಡಿದರು. ಬಸ್ಸು ಮಲವಗೊಪ್ಪದ ಹತ್ತಿರ ಪಂಕ್ಚರಾಯಿತು. ಸ್ಟೆಪ್ನಿಯೂ ಪಂಕ್ಚರ್ ಎಂದು ಕಂಡಕ್ಟರ್ ಇಳಿದು ನೋಡಿದ ಮೇಲೆ ತಿಳಿಯಿತು. ಮೇಷ್ಟ್ರು ರಸ್ತೆಯ ಬದಿಯಲ್ಲಿ ನಿಂತು ಹೋಗುವ ಬರುವ ಗಾಡಿಗಳಿಗೆಲ್ಲ ಕೈ ಅಡ್ಡ ಹಾಕತೊಡಗಿದರು. ಕೊನೆಗೊಂದು ಬಿಳಿ ಕಾರು ನಿಂತಿತು. ಒಳಗೆ ನೋಡಿದರೆ ಸ್ಟೀರಿಂಗಿನಲ್ಲಿ ವೀರೇಂದ್ರ, ಪಕ್ಕದಲ್ಲಿ ಆಗಷ್ಟೇ ಸೋಗಾನೆಯಲ್ಲಿ ವಿಮಾನ ಇಳಿದು ಬಂದ ಸೌಂದರ್ಯ ಮೇಡಂ!

"ಇದೇನ್ ಮೇಷ್ಟ್ರೇ, ಕ್ಲಾಸ್ ಟೈಮಾಯ್ತಲ್ಲ?" ಎಂದರು ವೀರೇಂದ್ರ.

"ನಾನಿಲ್ದಿದ್ರೂ ನಡೆಯುತ್ತೆ ಸರ್" ಎಂದರು ಮೇಷ್ಟ್ರು. ಬೇರೇನೂ ತೋಚಲಿಲ್ಲ.

"ವಾವ್!" ಎಂದರು ಮೇಡಂ. ಮೇಷ್ಟ್ರು ಹಿಂದಿನ ಸೀಟಿನಲ್ಲಿ ಊಟದ ಬ್ಯಾಗನ್ನು ತೊಡೆಯ ಮೇಲಿಟ್ಟು ಕೂತರು. ಮೇಡಂ ಪೂರ್ತಿ ಹಿಂದಕ್ಕೆ ತಿರುಗಿ ಪ್ರಶ್ನೆ ಹಾಕತೊಡಗಿದರು. "ಮಕ್ಕಳು ತಮ್ಮ ಗುರಿಗಳನ್ನ ತಾವೇ ಇಟ್ಕೋತಾರಾ ಸರ್?"

"ಇಟ್ಕೊಂಡು ಗೋಡೆ ಮೇಲೇ ಹಾಕಿದಾರೆ ಮೇಡಂ." ಬಾಯಿಯಿಂದ ಬಂದ ಮೇಲೆ ಮೇಷ್ಟ್ರಿಗೆ ನೆನಪಾಯಿತು, ತಮ್ಮ ತರಗತಿಯ ಗೋಡೆಯ ಮೇಲೆ ಇರುವುದು ಜೇಡರಬಲೆ ಮಾತ್ರ. ಬ್ಯಾಗಿನ ಮರೆಯಲ್ಲಿ ಫೋನ್ ಹಿಡಿದು ಸಹೋದ್ಯೋಗಿ ರಾಮಚಂದ್ರಪ್ಪನವರಿಗೆ ಮೆಸೇಜ್ ಹಾಕಿದರು: 'ಅರ್ಜೆಂಟಾಗಿ ಒಂದು ಗೋಡೆ ಬೇಕು.'

ರಾಮಚಂದ್ರಪ್ಪ ಎಂಟು, ಒಂಬತ್ತನೇ ತರಗತಿಗಳಿಗೆ ಸಮಾಜ ವಿಜ್ಞಾನದವರು. ಮನೆ ಭದ್ರಾವತಿಯಲ್ಲಿ, ಶಾಲೆಯ ಎದುರಿಗೇ. ಮಧ್ಯಾಹ್ನ ಮನೆಯಲ್ಲಿ ಉಂಡು, ಅರೆಗಳಿಗೆ ಅಡ್ಡಾಗಿ ಬರುವ ಪುಣ್ಯವಂತ. ಅವರಿಗಿದ್ದದ್ದು ಒಂದೇ ಆಸೆ, ಹತ್ತನೇ ತರಗತಿಗೆ ಪಾಠ ಮಾಡುವುದು. ಉಮಾಮಹೇಶ್ವರ ದುರ್ಗಿಗುಡಿಗೆ ಹೋದರೆ ಆ ತರಗತಿ ತನ್ನದೇ ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಮೇಷ್ಟ್ರ ವರ್ಗಾವಣೆಗೆ ಮೇಷ್ಟ್ರಿಗಿಂತ ಹೆಚ್ಚು ಹಂಬಲಿಸುತ್ತಿದ್ದವರು ಅವರೇ. ಕೂಡಲೇ ಉತ್ತರ ಬಂತು: 'ಯಾಕೆ ಮಾರಾಯ್ರೆ, ಇರೋ ಗೋಡೆ ಬಿದ್ದೋಯ್ತಾ?'

"ಮೌಲ್ಯಮಾಪನ ಹೇಗೆ ಸರ್?" ಮೇಡಂ ಬಿಡುವ ಹಾಗೆ ಕಾಣಲಿಲ್ಲ.

"ಅವರಿಗವರೇ ಮೇಡಂ. ಅಳತೆಗೋಲೂ ಅವರದ್ದೇ." ಗೋಡೆಗೆ ಮಕ್ಕಳ ಗುರಿ ಬೇಕು, ಜೊತೆಗೊಂದು ಅಳತೆಗೋಲೂ ಬೇಕು ಎಂದು ಮತ್ತೊಂದು ಮೆಸೇಜ್ ಹೋಯಿತು.

"ಮಗುವಿಗೆ ಏನಾದ್ರೂ ತಿಳೀಲಿಲ್ಲ ಅಂದ್ರೆ?"

"ಮೊದಲು ಮೂವರು ಸ್ನೇಹಿತರನ್ನ ಕೇಳ್ಬೇಕು. ನನ್ನ ಹತ್ರ ಬರೋದು ಕೊನೇಲಿ." ಇದೊಂದು ನಿಜವಾಗಿದ್ದರಿಂದ ಮೆಸೇಜಿನ ಅಗತ್ಯ ಬೀಳಲಿಲ್ಲ.

ಮೇಡಂ ಕಣ್ಣು ಅಗಲವಾಗುತ್ತಾ ಹೋಯಿತು. ಮೇಷ್ಟ್ರಿಗೂ ಹುರುಪು ಏರಿತು. ಹೊಗಳಿಕೆ ಎಂಬುದು ಹಾಗೇ, ಖಾಲಿ ಹೊಟ್ಟೆಯ ಕಾಫಿ ಇದ್ದಂತೆ, ಇಲ್ಲದ ಮಾತೆಲ್ಲ ಆಡಿಸುತ್ತದೆ. "ಒಟ್ಟಾರೆ ಹೇಳ್ಬೇಕಂದ್ರೆ ಮೇಡಂ, ನಮ್ಮ ಕ್ಲಾಸಲ್ಲಿ ಯಾವ ತೀರ್ಮಾನವೂ ನಂದಲ್ಲ. ಮಕ್ಕಳ ಮಾತೇ ಕೊನೆ. ಅದನ್ನ ಮೀರೋಕೆ ನನಗೂ ಅಧಿಕಾರ ಇಲ್ಲ."

"ಕೇಳಿಸ್ಕೊಂಡ್ರಾ ಸರ್?" ಎಂದರು ಮೇಡಂ, ವೀರೇಂದ್ರ ಅವರ ಕಡೆ ತಿರುಗಿ.

"ಕೇಳಿಸ್ಕೊಂಡೆ ಮೇಡಂ" ಎಂದರು ವೀರೇಂದ್ರ. ಆ ಮಾತು ಅವರ ತಲೆಯಲ್ಲಿ ಭದ್ರವಾಗಿ ಕೂತಿತು.

ಶಾಲೆಯ ಗೇಟಿನಲ್ಲೇ ರಾಮಚಂದ್ರಪ್ಪ ಕಾಯುತ್ತಿದ್ದರು. ಕೈಗೆಲ್ಲ ಗೋಂದು. ಮೇಷ್ಟ್ರನ್ನು ಪಕ್ಕಕ್ಕೆ ಎಳೆದುಕೊಂಡು ಪಿಸುಗುಟ್ಟಿದರು: "ನಾನೊಬ್ಬನೇ ಎಲ್ಲಿ ಮಾಡ್ಲಿ ಮಾರಾಯ್ರೆ. ಹುಡುಗ್ರಿಗೇ ಹೇಳಿದೆ. ಚೆನ್ನಾಗಿ ಮಾಡಿ, ನಿಮ್ಮ ಸರ್ ಸೋಮವಾರದಿಂದ ದುರ್ಗಿಗುಡಿಗೆ ಹೋಗ್ತಾರೆ, ನಾನೇ ನಿಮ್ಮ ಕ್ಲಾಸಿಗೆ ಬರ್ತೀನಿ ಅಂತ ಹುರಿದುಂಬಿಸಿದೆ. ಅದೇನ್ ಉತ್ಸಾಹ ಬಂತು ಅಂತೀರಿ ಅವಕ್ಕೆ!"

ಮೇಷ್ಟ್ರು ಬೆನ್ನು ತಟ್ಟಿ ಒಳಗೆ ಓಡಿದರು. ತರಗತಿಯನ್ನು ನೋಡಿದರೆ ಅವರದೇ ತರಗತಿ ಎಂದು ನಂಬಲಾಗಲಿಲ್ಲ. ಗೋಡೆಯ ತುಂಬ ಬಣ್ಣದ ಕಾಗದ, ಒಂದೊಂದರಲ್ಲೂ ಒಂದೊಂದು ಗುರಿ. 'ನಕಾಶೆಯಲ್ಲಿ ನದಿಗಳನ್ನು ನೋಡದೆ ಗುರುತಿಸುವುದು.' 'ಪಕ್ಕದವಳ ಉತ್ತರ ನೋಡದಿರುವುದು. ನೋಡಿದರೂ ಅರ್ಥ ಮಾಡಿಕೊಂಡು ಬರೆಯುವುದು.' ಮೇಡಂ ಒಂದೊಂದನ್ನೂ ಓದಿ ಫೋಟೋ ತೆಗೆದುಕೊಂಡರು.

"ಸರಿ, ನಿಮ್ಮ ಕಲಿಕೆಗೆ ನೀವೇ ಬೆಲೆ ಕಟ್ಕೋತೀರಂತೆ. ಹೇಗೆ?" ಎಂದು ಕೇಳಿದರು.

ಸ್ಫೂರ್ತಿ ಎದ್ದು ನಿಂತಳು. "ಅಡಿಕೆ ಲೆಕ್ಕ ಮೇಡಂ. ಇನ್ನೊಬ್ಬರಿಗೆ ಹೇಳಿಕೊಡೋ ಅಷ್ಟು ಗೊತ್ತಿದ್ರೆ ಸರಕು, ಅದೇ ಎಲ್ಲಕ್ಕಿಂತ ಮೇಲು. ತಾನೇ ಬರೆಯೋಕೆ ಬಂದ್ರೆ ಬೆಟ್ಟೆ. ಓದಿದಾಗ ಗೊತ್ತಾಗಿ ಆಮೇಲೆ ಮರೆತು ಹೋದ್ರೆ ರಾಶಿ. ಏನೂ ಗೊತ್ತಿಲ್ಲ ಅಂದ್ರೆ ಗೊರಬಲು."

ಹಿಂದಿನ ಬೆಂಚಿನಲ್ಲಿ ಕೂತಿದ್ದ ವೀರೇಂದ್ರ ಅವರಿಗೆ ಮೈಯೆಲ್ಲ ರೋಮಾಂಚನವಾಯಿತು. ಶಿಕ್ಷಣದ ಬಗ್ಗೆ ಅವರಿಗೆ ಅರ್ಥವಾದ ಮೊದಲ ಮಾತು ಅದು. "ನಿಂದು ಯಾವ್ದಮ್ಮ?" ಎಂದು ಅಲ್ಲಿಂದಲೇ ಕೇಳಿದರು.

"ಈ ಪಾಠದಲ್ಲಿ ಬೆಟ್ಟೆ ಸರ್. ಪರೀಕ್ಷೆ ಹೊತ್ತಿಗೆ ಸರಕು."

ಪಾಠ ಶುರುವಾಯಿತು. ತಾಲೀಮಿನ ಪ್ರಕಾರ ಎಲ್ಲ ನಡೆಯುತ್ತಿರುವಾಗ ಹರ್ಷವರ್ಧನ ಎದ್ದು ನಿಂತು ಮಂಕಾದ. ಹೇಳಬೇಕಾದ ತಪ್ಪು ಉತ್ತರ ಮರೆತುಹೋಗಿತ್ತು. ಎಷ್ಟು ಯೋಚಿಸಿದರೂ ಸರಿ ಉತ್ತರವೇ ನೆನಪಾಗುತ್ತಿತ್ತು. ಕೊನೆಗೆ ದಿಕ್ಕು ತೋಚದೆ ಮೇಷ್ಟ್ರ ಕಡೆ ತಿರುಗಿ, "ಸರ್, ಇವತ್ತು ತಪ್ಪು ಹೇಳೋ ಸರದಿ ನಂದೇ ಅಲ್ವಾ ಸರ್?" ಎಂದ.

ಮೇಷ್ಟ್ರಿಗೆ ದುರ್ಗಿಗುಡಿ, ಬಿಸಿ ಅನ್ನ, ವೀರಮ್ಮನ ಮೊಮ್ಮಗ, ಎಲ್ಲ ಕಣ್ಣಮುಂದೆ ಬಂದು ಹೋದವು.

ಮೇಡಂ ಮಾತ್ರ ಎದೆಯ ಮೇಲೆ ಕೈ ಇಟ್ಟುಕೊಂಡರು. "ತಪ್ಪು ಮಾಡೋಕೂ ಸರದಿ! ಯಾರಿಗೂ ತಪ್ಪಿನ ಭಯವೇ ಇಲ್ಲ! ನಮ್ಮ ಕಡೆ ಇದನ್ನ ಕಲಿಸೋಕೆ ಎಷ್ಟು ವರ್ಷದಿಂದ ಒದ್ದಾಡ್ತಿದೀವಿ ಗೊತ್ತಾ ಸರ್?" ಆಮೇಲೆ ಹರ್ಷನನ್ನೇ ಕೇಳಿದರು: "ಇಷ್ಟೆಲ್ಲ ನೀವೇ ಮಾಡಿದ್ರೆ ನಿಮ್ಮ ಸರ್ ಏನ್ ಮಾಡ್ತಾರಪ್ಪ?"

"ಸರ್ ಏನೂ ಮಾಡಲ್ಲ ಮೇಡಂ. ಕೂತಿರ್ತಾರೆ."

"ಒಬ್ಬ ಶಿಕ್ಷಕರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ!"

ಹಾಗೆ ಇಡೀ ತರಗತಿಯ ದೋಣಿ ಮುಳುಗುತ್ತಾ ಮುಳುಗುತ್ತಾ ದಡ ಸೇರಿತು. ಮೇಡಂ ಎದ್ದು ನಿಂತು ಸೈ ಎಂದರು. ಅಷ್ಟೂ ವರ್ಷದಲ್ಲಿ ಆ ತರಗತಿಯಲ್ಲಿ ಮೇಷ್ಟ್ರು ಮನಸಾರೆ ನಕ್ಕದ್ದು ಅಂದೇ ಮೊದಲು. ಬಾಗಿಲಲ್ಲಿ ನಿಂತಿದ್ದ ರಾಮಚಂದ್ರಪ್ಪನವರೂ ಹಲ್ಲು ಬಿಟ್ಟರು. ವೀರೇಂದ್ರ ಮುಂದೆ ಬಂದು ಗಂಟಲು ಸರಿಮಾಡಿಕೊಂಡರು.

"ನೋಡ್ರಪ್ಪ ಮಕ್ಕಳೇ, ನಿಮ್ಮ ಸರ್‌ಗೆ ಮಾತು ಕೊಟ್ಟಿದ್ದೆ, ಸೋಮವಾರದಿಂದ ದುರ್ಗಿಗುಡಿ ಅಂತ. ಆದ್ರೆ ಇವತ್ತು ಬೆಳಿಗ್ಗೆ ಕಾರಲ್ಲಿ ಅವರೇ ನನ್ನ ಕಣ್ಣು ತೆರೆಸಿದ್ರು. ಈ ಕ್ಲಾಸಿನ ತೀರ್ಮಾನ ಮಕ್ಕಳದ್ದು, ಅದನ್ನ ಮೀರೋಕೆ ಯಾರಿಗೂ ಅಧಿಕಾರ ಇಲ್ಲ ಅಂತ. ನನಗೂ ಅದು ಸರಿ ಅನ್ನಿಸ್ತು. ನೀವೇ ಹೇಳಿ, ಸರ್ ಹೋಗ್ಬೇಕಾ, ಇರ್ಬೇಕಾ?"

"ಸರ್, ಅವು ಇನ್ನೂ ಚಿಕ್ಕ ಮಕ್ಕಳು, ಅವಕ್ಕೇನ್ ಗೊತ್ತಾಗುತ್ತೆ..." ಎಂದು ಮೇಷ್ಟ್ರು ಬಾಯಿ ಹಾಕಿದರು.

"ಎಂಥ ವಿನಯ ನೋಡಿ" ಎಂದರು ಮೇಡಂ.

ಸ್ಫೂರ್ತಿ ಕೈ ಎತ್ತಿದಳು. "ಸರ್, ಈಗ ತಾನೇ ಓದಿದ್ವಲ್ಲ, ಗ್ರಾಹಕರಿಗೆ ಆಯ್ಕೆಯ ಹಕ್ಕು ಅಂತ. ಶಾಲೇಲಿ ಗ್ರಾಹಕರು ನಾವೇ ಅಲ್ವಾ?" ಈ ಪ್ರಶ್ನೆ ತಾಲೀಮಿನಲ್ಲಿ ಇರಲೇ ಇಲ್ಲ. ವೀರೇಂದ್ರ ತೊಡೆ ತಟ್ಟಿದರು. "ಸರಕು ಕಣಮ್ಮ ನೀನು, ಸರಕು!"

ಸರ್ ಇರಬೇಕು ಎನ್ನುವವರು ಕೈ ಎತ್ತಿ ಎಂದದ್ದೇ ತಡ, ಇಡೀ ತರಗತಿಯ ಕೈಗಳು ಮೇಲೆದ್ದವು. ಕೆಲವರು ಎರಡೆರಡು ಕೈ ಎತ್ತಿದ್ದರು.

ಮೇಷ್ಟ್ರಿಗೆ ದುರ್ಗಿಗುಡಿ ಕೈತಪ್ಪಿದ ಸಂಕಟ ಒಂದು ಕಡೆ. ಇನ್ನೊಂದು ಕಡೆ, ಜೀವಮಾನದಲ್ಲಿ ಯಾರೂ ಅವರನ್ನು ಹೀಗೆ ಬೇಕು ಎಂದು ತಡೆದದ್ದಿಲ್ಲ. ನಾನು ಪಾಠ ಹೇಳಿಕೊಡದ, ಹೆಸರು ಸಹ ಸರಿಯಾಗಿ ಗೊತ್ತಿಲ್ಲದ ಈ ಮಕ್ಕಳು ನನ್ನನ್ನು ಇಷ್ಟೊಂದು ಪ್ರೀತಿಸುತ್ತಿದ್ದವೇ? ನಾಚಿಕೆಯಾಯಿತು. ಹೊಸ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡರು. ನಾಳೆಯಿಂದ ಪ್ರಾಣ ಹೋದರೂ ಸರಿ, ಪಾಠ ಮಾಡುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದರು.

"ಆಯ್ತು, ಮುಗೀತು" ಎಂದರು ವೀರೇಂದ್ರ. "ಮೇಷ್ಟ್ರು ಇಲ್ಲೇ. ಆದ್ರೆ ದುರ್ಗಿಗುಡಿ ಜಾಗ ಖಾಲಿ ಬಿಡೋಕಾಗಲ್ಲ. ರಾಮಚಂದ್ರಪ್ಪನವರೇ, ಸೋಮವಾರದಿಂದ ನೀವೇ ಅಲ್ಲಿಗೆ ಹೋಗ್ಬಿಡಿ."

ಶಾಲೆಯ ಎದುರು ಮನೆಯ ರಾಮಚಂದ್ರಪ್ಪ ಗೋಂದಿನ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಅತಿಥಿಗಳು ಕಾಫಿಗೆ ಹೋದ ಮೇಲೆ ಮೇಷ್ಟ್ರು ಹರ್ಷನನ್ನು ವರಾಂಡಕ್ಕೆ ಕರೆದು ಹೆಗಲ ಮೇಲೆ ಕೈ ಇಟ್ಟರು. "ಯಾಕೋ ಹರ್ಷ, ನನ್ನ ಕಂಡ್ರೆ ನಿಮಗೆಲ್ಲ ಅಷ್ಟೊಂದು ಇಷ್ಟನೇನೋ?"

ಹರ್ಷ ಅವರ ಮುಖವನ್ನೇ ನೋಡಿದ. ಸುಳ್ಳು ಹೇಳಲು ಅವನಿಗೆ ಇಷ್ಟವಿರಲಿಲ್ಲ. "ಹಾಗಲ್ಲ ಸರ್. ರಾಮಚಂದ್ರಪ್ಪ ಸರ್ ಬೆಳಿಗ್ಗೆ ಬಂದು, ನೀವು ಹೋದ್ರೆ ನಾನೇ ಬರ್ತೀನಿ ಅಂದ್ರು. ಅವರು ಪಾಠ ಮಾಡ್ತಾರೆ ಸರ್."

"ಮಾಡ್ತಾರೆ, ಅದಕ್ಕೇನೀಗ?"

"ಗಂಟೆ ಹೊಡೆದ್ರೂ ನಿಲ್ಲಿಸಲ್ಲ ಸರ್. ಪಿ.ಟಿ. ಪೀರಿಯಡ್ಡೂ ಇಸ್ಕೊಂಡು ನೋಟ್ಸ್ ಬರೆಸ್ತಾರೆ. ಒಂಬತ್ತನೇ ಕ್ಲಾಸಲ್ಲಿ ಅನುಭವಿಸಿದೀವಿ. ಮತ್ತೆ ನಿಮ್ಮ ಹತ್ರ ನಮ್ಮ ಪಾಠ ನಾವೇ ಓದ್ಕೊಂಡು, ಒಬ್ಬರಿಗೊಬ್ಬರು ಹೇಳ್ಕೊಟ್ಟು ಅಭ್ಯಾಸ ಆಗಿಬಿಟ್ಟಿದೆ ಸರ್. ಈಗ ಯಾರಾದ್ರೂ ನಡುವೆ ಪಾಠ ಮಾಡಿದ್ರೆ ಎಲ್ಲ ಮರೆತು ಹೋಗುತ್ತೆ. ಅದಕ್ಕೇ ಬೆಳಿಗ್ಗೆ ಗೋಡೆಗೆ ಕಾಗದ ಅಂಟಿಸ್ತಾನೇ ಎಲ್ಲರೂ ಸೇರಿ ಒಂದು ಗುರಿ ಇಟ್ಕೊಂಡ್ವಿ, ನಿಮ್ಮನ್ನ ಬಿಡಬಾರದು ಅಂತ. ಕೈ ಎತ್ತೋಕೆ ಕೇಳ್ತಾರೆ ಅಂತ ಗೊತ್ತಿರ್ಲಿಲ್ಲ. ಕೇಳದೆ ಇದ್ದಿದ್ರೆ ಎಲ್ಲರೂ ಒಟ್ಟಿಗೆ ಅಳೋದು ಅಂತ ಮಾತಾಗಿತ್ತು."

ಮೇಷ್ಟ್ರ ಕೈ ತಾನಾಗಿಯೇ ಹುಡುಗನ ಹೆಗಲಿಂದ ಜಾರಿತು. "ನಾನು ನಾಳೆಯಿಂದ ಪಾಠ ಮಾಡೋಣ ಅಂತಿದ್ದೆ ಕಣೋ" ಎಂದರು ಮೆಲ್ಲಗೆ.

ಹರ್ಷ ಗಾಬರಿಯಾದ. "ಬೇಡ ಸರ್! ದಯವಿಟ್ಟು! ಮೇಡಂ ಈಗ ಕಾಫಿಗೆ ಹೋಗ್ತಾ ಏನ್ ಹೇಳಿದ್ರು ಕೇಳಿಸ್ಕೊಳ್ಲಿಲ್ವಾ? ಸೋಮವಾರದಿಂದ ದಿನಾ ಬೇರೆ ಬೇರೆ ಶಾಲೆ ಟೀಚರ್‌ಗಳು ಬಂದು ನೀವು ಹೇಗೆ ಸುಮ್ನೆ ಕೂರ್ತೀರಿ ಅಂತ ನೋಡ್ತಾರಂತೆ. ಬರ್ಕೋತಾರಂತೆ. ನಿದ್ದೆ ಮಾತ್ರ ಮಾಡ್ಬೇಡಿ ಸರ್, ಅದೊಂದು ನಾವು ಸಂಭಾಳಿಸೋಕಾಗಲ್ಲ."

ಅಲ್ಲಿಗೆ ಕುರ್ಚಿಯ ಆ ನಿದ್ದೆಯೂ ಹೋಯಿತು. ಮೇಷ್ಟ್ರು ಕೊನೆಗೆ ತಡೆಯದೆ ಕೇಳಿದರು: "ನಿಜ ಹೇಳೋ. ನಿಮ್ಮ ಆ ಅಡಿಕೆ ಲೆಕ್ಕದಲ್ಲಿ ನಾನೇನು?"

"ಗೊರಬಲು ಸರ್" ಎಂದ ಹರ್ಷ. ಮೇಷ್ಟ್ರ ಮುಖ ನೋಡಿ ಅವನಿಗೇ ಅಯ್ಯೋ ಅನ್ನಿಸಿತು. "ಆದ್ರೆ ಗೊರಬಲಿಗೂ ಮಾರ್ಕೆಟ್ಟಿದೆ ಸರ್, ವೀರೇಂದ್ರ ಸರ್‌ನ ಕೇಳಿ ಬೇಕಾದ್ರೆ."

ಸೋಮವಾರ ಬೆಳಿಗ್ಗೆ ವೀರಮ್ಮ ಮೊಮ್ಮಗನಿಗೆ ಬ್ಯಾಗು ಹೊರಿಸಿ ಗೇಟಿನಲ್ಲಿ ನಿಲ್ಲಿಸಿದ್ದರು. ಮೇಷ್ಟ್ರು ಡಬ್ಬಿ ಹಿಡಿದು ತಲೆ ತಗ್ಗಿಸಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ವೇದಾ ಒಳಗೆ ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದ ಸದ್ದು ತಿರುವಿನವರೆಗೂ ಕೇಳಿಸಿತು.

ಮಲವಗೊಪ್ಪದ ಹತ್ತಿರ ಅವರ ಬಸ್ಸಿಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸು ಎದುರಾಯಿತು. ಕಿಟಕಿಯ ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ ರಾಮಚಂದ್ರಪ್ಪ ಇವರನ್ನು ಕಂಡು ಮುಖ ತಿರುಗಿಸಿಕೊಂಡರು. ಮೇಷ್ಟ್ರೂ ಕಂಬಿ ಹಿಡಿದು ನಿಂತೇ ಇದ್ದರು. ಆದರೆ ಇವತ್ತು ಅವರ ಕಣ್ಣು ಮುಚ್ಚಿಕೊಂಡಿತ್ತು. ಇನ್ನು ಮೇಲೆ ನಿದ್ದೆ ಮಾಡಲು ಅವರಿಗೆ ಉಳಿದಿದ್ದದ್ದು ಬಸ್ಸೊಂದೇ.